‘ಇಲಿ’ ಮತ್ತು ‘ಹಣ್ಣಿನ ಬಾವಲಿ’: ಒಂದು ಅನುಸೂಚಿಯ ಪದವಿಮರ್ಶೆ

ಪದವಿಮರ್ಶೆಯು ಓಲೆಗರಿಗಳಿಗೆ ಮಾತ್ರ ಸಲ್ಲತಕ್ಕ ವಿದ್ಯೆಯೆಂದು ಭಾವಿಸುವುದು ವಾಡಿಕೆ. ಪದದ ಅರ್ಥವ್ಯಾಪ್ತಿಯನ್ನು ನಿರ್ಣಯಿಸದೆ ಹೋದರೆ ಕಾವ್ಯದಲ್ಲಿ ರಸಭಂಗವಾಗುವುದು. ಕಾಯಿದೆಯಲ್ಲಾದರೋ ಪ್ರಾಣಹಾನಿಯೇ ಆಗಬಹುದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಅನುಸೂಚಿಯು ಪೀಡಕಪ್ರಾಣಿಗಳ ಪಟ್ಟಿ. ಇದರಲ್ಲಿ ಸೇರಿದ ಜೀವಿಗಳಿಗೆ ಬೇಟೆಯಿಂದ ರಕ್ಷಣೆಯಿರಲಿಲ್ಲ. ಕಾಗೆಯೊಡನೆ ಇಲಿಗಳೂ ಹಣ್ಣಿನ ಬಾವಲಿಗಳೂ ಇಲ್ಲಿ ಪರಿಗಣಿತವಾಗಿದ್ದುವು. ಕಣಜದ ಧಾನ್ಯವನ್ನೂ ತೋಟದ ಫಲವನ್ನೂ ಕಾಯಬೇಕೆಂಬ ಆಶಯವು ಸಾಧುವೇ ಸರಿ. ಆದರೆ ಪದಪ್ರಯೋಗವನ್ನು ನೋಡಿರಿ: ಕಾಗೆಗೆ ‘ಸಾಮಾನ್ಯ’ ಎಂಬ ವಿಶೇಷಣವುಂಟು, ಇಲಿಗೂ ಬಾವಲಿಗೂ ಯಾವ ವಿಶೇಷಣವೂ ಇಲ್ಲ. ಹಕ್ಕಿಯ ವಿಷಯದಲ್ಲಿ ಮಾಡಿದ ವಿವೇಚನೆಯನ್ನು ಕರಡುಕಾರರು ಸಣ್ಣ ಸಸ್ತನಿಗಳ ವಿಷಯದಲ್ಲಿ ಮಾಡಲಿಲ್ಲ.

ಇದರ ದೋಷವನ್ನು ಒಂದು ನಿದರ್ಶನವು ಸ್ಪಷ್ಟಪಡಿಸುವುದು. 1948ರಲ್ಲಿ ಆಂಗಸ್ ಹಟನ್ ಎಂಬವರು ತಮಿಳುನಾಡಿನ ಮೇಘಮಲೆಯಲ್ಲಿ ಒಂದು ಬಾವಲಿಯನ್ನು ಸಂಗ್ರಹಿಸಿದರು. ಅದನ್ನು ಮೋಟುಮೂಗಿನ ಸಾಧಾರಣ ಬಾವಲಿಯೆಂದೇ ಗಣಿಸಿ ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘದ ಸಂಗ್ರಹದಲ್ಲಿ ಇಡಲಾಯಿತು. 24 ವರ್ಷಗಳ ತರುವಾಯ ಕಿತ್ತಿ ಥಾಂಗ್‌ಲಾಂಗ್ಯಾ ಎಂಬ ವಿದ್ವಾಂಸರು ಅದನ್ನು ಮತ್ತೆ ಪರೀಕ್ಷಿಸಿ, ಅದರ ಹಲ್ಲುಗಳ ಭೇದವನ್ನೂ ಬಾಲವಿಲ್ಲದಿರುವುದನ್ನೂ ಗುರುತಿಸಿ, ಅದು ಹೊಸ ಕುಲವೆಂದು ಸಿದ್ಧಪಡಿಸಿದರು. ಸಾಲಿಂ ಅಲಿಯವರ ಹೆಸರನ್ನು ಅದಕ್ಕೆ ಇಟ್ಟರು. ಇದು ನಡೆದುದೂ 1972ರಲ್ಲಿಯೇ. ಒಂದೇ ವರ್ಷದಲ್ಲಿ ವಿದ್ವಾಂಸನು ಬಾವಲಿಗಳೊಳಗಣ ಭೇದವನ್ನು ಕಂಡನು, ಕಾಯಿದೆಯು ಆ ಭೇದವನ್ನು ಅಳಿಸಿತು. ಅನಂತರ ಈ ಜೀವಿಯು ಒಂದನೆಯ ಅನುಸೂಚಿಗೆ ಏರಿತೆಂಬುದೇ ಮೊದಲಿನ ಪದವು ಅತಿವ್ಯಾಪ್ತವೆಂಬುದಕ್ಕೆ ಪ್ರಮಾಣ.

‘ಇಲಿ’ ಎಂಬ ಮಾತು ಇನ್ನೂ ತೊಡಕಿನದು. ನಾವು ಮೂಗಿಲಿ ಎನ್ನುವ ಪ್ರಾಣಿಯು ಹುಳುಹುಪ್ಪಟೆಗಳನ್ನು ತಿನ್ನುವ ಬೇರೆ ಗಣಕ್ಕೆ ಸೇರಿದುದು. ಹೆಸರಿನಲ್ಲಿ ಮಾತ್ರ ಅದು ಇಲಿ. ಪಶ್ಚಿಮಘಟ್ಟಗಳಲ್ಲಿ ಮಾತ್ರ ವಾಸಿಸುವ, ಬೆನ್ನಿನಲ್ಲಿ ಚಪ್ಪಟೆಮುಳ್ಳುಗಳುಳ್ಳ, ಮರದ ಪೊಟರೆಯಲ್ಲಿ ಗೂಡುಮಾಡುವ ಒಂದು ಪ್ರಾಣಿಗೆ ಬ್ಲೈತ್ ಪಂಡಿತನು 1859ರಲ್ಲಿ ‘ಚಪ್ಪಟೆಮುಳ್ಳಿನ ಇಲಿ’ ಎಂಬರ್ಥದ ಹೆಸರನ್ನು ಕೊಟ್ಟನು. ಆದರೆ ಅದು ಮನೆಯಿಲಿಯ ವಂಶಕ್ಕೆ ಸೇರಿದುದಲ್ಲ. ಅದರ ಸಮೀಪಬಂಧುಗಳು ಚೀನಾ ಮತ್ತು ವಿಯೆಟ್ನಾಮ್ ದೇಶಗಳಲ್ಲಿರುವುವು. ಪದವನ್ನು ಮಾತ್ರ ಹಿಡಿದು ಓದುವವನು ಇದನ್ನು ಪೀಡಕವೆನ್ನುವನೋ, ಅನನ್ಯವೆನ್ನುವನೋ? ಉತ್ತರವು ಪಾಠದಲ್ಲಿಲ್ಲ. ಇದನ್ನು ಉಳಿಸುವುದಕ್ಕೆ ಪೊಟರೆಯುಳ್ಳ ಮುದಿಮರಗಳು ನಿಲ್ಲಬೇಕು. ‘ಇಲಿ’ ಎಂಬ ಮಾತಿನಿಂದ ಆ ಮರಗಳ ನೆನಪು ಯಾರಿಗೂ ಬಾರದು.

2022ರ ತಿದ್ದುಪಡಿಯು ಈ ಪಟ್ಟಿಯನ್ನು ತೆಗೆದುಹಾಕಿತು. ಇದು ಸ್ವಾಗತಾರ್ಹವಾದರೂ ದೋಷವು ನಿರ್ಮೂಲವಾಯಿತೆನ್ನಲಾಗದು. 62ನೆಯ ಕಲಮಿನ ಮೇರೆಗೆ, ಒಂದನೆಯ ಅನುಸೂಚಿಯ ಹೊರಗಿನ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶಕ್ಕೂ ಕಾಲಕ್ಕೂ ಪೀಡಕವೆಂದು ಸಾರುವ ಅಧಿಕಾರವು ಕೇಂದ್ರಸರ್ಕಾರಕ್ಕೆ ಉಳಿದಿದೆ. ಪ್ರದೇಶವನ್ನೂ ಕಾಲವನ್ನೂ ನಿರ್ದೇಶಿಸುವ ಪ್ರಕಟಣೆಯು ಪ್ರಾಣಿಯ ಪ್ರಭೇದವನ್ನೂ ಅಷ್ಟೇ ಖಚಿತವಾಗಿ ಹೆಸರಿಸತಕ್ಕದ್ದು. ಹುಲಿಗೆ ಮೀಸಲಾದ ಕಾಡಿನಲ್ಲಿ ಹುಲಿಯನ್ನು ತಪ್ಪಾಗಿ ಓದುವವರಿಲ್ಲ. ಅದೇ ಕಾಡಿನ ಸಣ್ಣ ಜೀವಿಗಳಿಗೆ ಸರಿಯಾದ ಹೆಸರೇ ಮೊದಲನೆಯ ರಕ್ಷೆ.