ಹಳೇ ಪೇಪರಿನ ತಲೆಬರಹ: ರಸಿಕರಿಗೊಂದು ಕೈಪಿಡಿ

ಕಾಫಿ ಸೀಮೆಯ ಮನೆಗಳಲ್ಲಿ ದಿನಪತ್ರಿಕೆಗೆ ಓದಿ ಮುಗಿದ ಮೇಲೂ ದೀರ್ಘಾಯುಷ್ಯ. ಟ್ರಂಕಿನ ತಳದಲ್ಲಿ, ಬೀರುವಿನ ಹಲಗೆಯ ಮೇಲೆ, ಶಾಲೆ ಪುಸ್ತಕದ ರಟ್ಟಿನಲ್ಲಿ ಅದು ದಶಕಗಟ್ಟಲೆ ಉಳಿದಿರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹಳೇ ಮನೆಗೆ ಸುಣ್ಣ ಬಳಿಯುವಾಗ ಇಂಥ ಹಾಳೆಗಳು ಇಂದಿಗೂ ಹೊರಬೀಳುತ್ತವೆ. ಮಹಾಯುದ್ಧ ಮುಗಿದ 1945ರಿಂದ ಅರವತ್ತರ ದಶಕದವರೆಗಿನ ಹಾಳೆಯೊಂದು ಕೈಗೆ ಸಿಕ್ಕರೆ ತಲೆಬರಹ ನೋಡಿ ನಗು ಬರುವುದು ಸಹಜ. ಆ ನಗು ರುಚಿಯಾಗಬೇಕಾದರೆ ಒಂದು ವಿಷಯ ಮರೆಯಬಾರದು: ಮುಂದೆ ಏನಾಯಿತೆಂದು ನಮಗೆ ಗೊತ್ತು, ತಲೆಬರಹ ಕೊಟ್ಟವರಿಗೆ ಗೊತ್ತಿದ್ದದ್ದು ಆ ರಾತ್ರಿಯವರೆಗಿನದು ಮಾತ್ರ.

ಎಡಬಲ ನೋಡಿ

ಆಗ ತಲೆಬರಹವನ್ನು ಒಂದೊಂದೇ ಅಚ್ಚಿನ ಮೊಳೆ ಆರಿಸಿ ಕೈಯಲ್ಲಿ ಜೋಡಿಸುತ್ತಿದ್ದರು. ಒತ್ತಕ್ಷರಕ್ಕೆ ಬೇರೆ ಮೊಳೆ. ಅಂಕಣದ ಅಗಲ ಮೀರುವ ಹಾಗಿಲ್ಲ. ಸಾಲದ್ದಕ್ಕೆ ಯುದ್ಧ ಮುಗಿದರೂ ಅಚ್ಚಿನ ಕಾಗದದ ಕೊರತೆ ತೀರಲಿಲ್ಲ. ಇದರ ಜೊತೆಗೆ ಇಂತಿಷ್ಟು ಬೆಲೆಗೆ ಇಂತಿಷ್ಟೇ ಪುಟ ಎಂದು ಕೇಂದ್ರ ಸರ್ಕಾರ 1960ರಲ್ಲಿ ಆದೇಶವನ್ನೇ ಹೊರಡಿಸಿತು. ಮರಾಠಿಯ ‘ಸಕಾಳ್’ ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಆ ಆದೇಶ ರದ್ದಾಯಿತು. ಜಾಗಕ್ಕೆ ಇಷ್ಟು ಬರ ಇದ್ದಾಗ ವಿಶ್ವಸಂಸ್ಥೆಯ ಚರ್ಚೆಯೂ ದನಗಳ ಜಾತ್ರೆಯೂ ಮೈಗೆ ಮೈ ತಾಗಿಸಿಕೊಂಡೇ ಕೂರಬೇಕಾಗುತ್ತಿತ್ತು. ಈ ನೆರೆಹೊರೆಯೇ ಮೊದಲ ರಸ. ಆದ್ದರಿಂದ ಒಂದು ತಲೆಬರಹ ಓದಿ ಕೈಬಿಡಬೇಡಿ, ಪಕ್ಕದ್ದನ್ನೂ ಓದಿ.

ಮೆಟ್ಟಿಲಿಳಿದು ಓದಿ

ಆ ಕಾಲದ ತಲೆಬರಹ ಒಂದೇ ಸಾಲಿಗೆ ಮುಗಿಯುತ್ತಿರಲಿಲ್ಲ. ಕೆಳಗೆ ಒಂದು ಉಪಶೀರ್ಷಿಕೆ, ಅದರ ಕೆಳಗೆ ಇನ್ನೊಂದು. ಇಳಿದ ಹಾಗೆಲ್ಲ ಅಕ್ಷರ ಚಿಕ್ಕದು. ಅಭ್ಯಾಸಕ್ಕೆಂದು ಆ ಧಾಟಿಯಲ್ಲಿ ನಾನೇ ಕಟ್ಟಿದ ಮಾದರಿ ಇಲ್ಲಿದೆ:

ಮಲೆನಾಡಿನಲ್ಲಿ ಉತ್ತಮ ಮಳೆ
ಕಾಫಿ ಬೆಳೆಗಾರರಲ್ಲಿ ಹರ್ಷ
ಮರಗಳು ಉರುಳಿ ಟೆಲಿಫೋನ್ ಸಂಪರ್ಕ ಸ್ಥಗಿತ

ದಪ್ಪಕ್ಷರದಲ್ಲಿ ಮಳೆ, ನಡುವಿನದರಲ್ಲಿ ಹರ್ಷ, ಸಣ್ಣಕ್ಷರದಲ್ಲಿ ಆಪತ್ತು. ಫೋನೇ ಇಲ್ಲದ ಮೇಲೆ ಹರ್ಷದ ಸುದ್ದಿ ಬೆಂಗಳೂರಿಗೆ ಮುಟ್ಟಿದ್ದು ಹೇಗೆ? ಊರಿನ ಅರೆಕಾಲಿಕ ವರದಿಗಾರ ಬರೆದು ಅಂಚೆಗೆ ಹಾಕಬೇಕು, ಅಂಚೆ ಚೀಲ ಬಸ್ಸು ಹತ್ತಬೇಕು. ಅಚ್ಚಾಗಿ ಮೂಡಿಗೆರೆಗೆ ಬರುವ ಹೊತ್ತಿಗೆ ಆ ಹರ್ಷಕ್ಕೆ ಕೆಲವು ದಿನ ವಯಸ್ಸಾಗಿರುತ್ತದೆ. ತಮ್ಮ ತೋಟದ ಮಳೆಯ ಸುದ್ದಿಯನ್ನು ಬಿಸಿಲಲ್ಲಿ ಕೂತು ಓದುವ ಬೆಳೆಗಾರರನ್ನು ಕಲ್ಪಿಸಿಕೊಳ್ಳಿ.

ಇಲ್ಲಿ ಇನ್ನೊಂದು ಸೊಗಸಿದೆ. ಕಾಫಿಗೆ ಮಾರ್ಚ್–ಏಪ್ರಿಲ್‌ನ ಹೂಮಳೆ ಬೇಕು. ಸರಿಯಾಗಿ ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಹೂವು. ಹನಿ ಸಾಲದಿದ್ದರೆ ಮೊಗ್ಗು ಅರ್ಧ ಬಿರಿದು ಕರಟುತ್ತದೆ. ಹೂವಾದ ಮೇಲೂ ಹೊತ್ತಿಗೆ ಸರಿಯಾಗಿ ಬ್ಯಾಕಿಂಗ್ ಮಳೆ ಬೀಳಬೇಕು. ಈ ಸೀಮೆಯ ಎಸ್ಟೇಟುಗಳಲ್ಲಿ ಮಳೆ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ: ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ತೋಟದ ಲೆಕ್ಕ ಬರೆಯುವ ರೈಟರು ದಿನವೂ ಮಳೆಮಾಪಕ ನೋಡಿ ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಹಳೇ ರಿಜಿಸ್ಟರು ಸಿಕ್ಕರೆ ಅದೇ ವಾರದ ಪತ್ರಿಕೆಯ ಪಕ್ಕ ಇಟ್ಟು ನೋಡಿ. ಪತ್ರಿಕೆಯಲ್ಲಿ ಇಡೀ ಮಲೆನಾಡಿಗೇ ಹರ್ಷ. ರಿಜಿಸ್ಟರಿನಲ್ಲಿ ಮೂವತ್ತು ಸೆಂಟ್. ಗುಡ್ಡದ ಆಚೆ ಸುರಿದು ಈಚೆ ಮೋಡ ತೋರಿಸಿ ಹೋಗುವುದು ಇಲ್ಲಿನ ಬೇಸಿಗೆ ಮಳೆಯ ಹಳೇ ಚಾಳಿ. ಆ ತೋಟದ ಸಾಹುಕಾರರು ಪೇಪರನ್ನು ಹೇಗೆ ಮಡಿಚಿಟ್ಟಿರಬಹುದೆಂದು ಊಹಿಸಿದರೆ ನಗು ತಾನಾಗಿ ಬರುತ್ತದೆ.

ಅಚ್ಚಿಗೆ ಹೋದ ಹೊತ್ತು ಕೇಳಿ

ದೂರದ ಊರುಗಳಿಗೆ ಪತ್ರಿಕೆಗಳು ಡಾಕ್ ಆವೃತ್ತಿ ಹೊರಡಿಸುತ್ತಿದ್ದವು. ಅದು ಬೇಗ ಅಚ್ಚಿಗೆ ಹೋಗಿ ರೈಲು, ಬಸ್ಸು ಹಿಡಿಯಬೇಕು. ಆಗ ನಮ್ಮ ಕಡೆಗೆ ರೈಲು ಕಡೂರಿನವರೆಗೆ ಮಾತ್ರ. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದು 2013ರಲ್ಲಿ. ಕಡೂರಿನಿಂದ ಮುಂದೆ ಘಟ್ಟದ ರಸ್ತೆ. ಹೀಗೆ ಅವಸರದಲ್ಲಿ ಕೊಟ್ಟ ತಲೆಬರಹ ಕೆಲವೊಮ್ಮೆ ಬೆಳಗಾಗುವುದರೊಳಗೆ ಸುಳ್ಳಾಗುತ್ತಿತ್ತು.

ಲೋಕಪ್ರಸಿದ್ಧವಾದ ತಪ್ಪು ತಲೆಬರಹ ಹುಟ್ಟಿದ್ದೂ ಇಂಥದೇ ಅವಸರದಲ್ಲಿ. 1948ರ ನವೆಂಬರ್ 3ರಂದು ಷಿಕಾಗೊ ಡೈಲಿ ಟ್ರಿಬ್ಯೂನ್ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಟ್ರೂಮನ್ ಸೋತರು, ಡ್ಯೂಯಿ ಗೆದ್ದರು ಎಂದು ದಪ್ಪಕ್ಷರದಲ್ಲಿ ಸಾರಿತು. ಅಚ್ಚು ಕೆಲಸಗಾರರ ಮುಷ್ಕರದಿಂದಾಗಿ ಪುಟಗಳು ಎಂದಿಗಿಂತ ಬೇಗ ಹೋಗಬೇಕಿತ್ತು. ಮತ ಎಣಿಕೆ ಇನ್ನೂ ನಡೆದಿತ್ತು. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿ ಹಿಡಿದು ನಕ್ಕ ಚಿತ್ರ ಜಗತ್ತಿಗೆಲ್ಲ ಗೊತ್ತು. ಆಗ ನಮ್ಮ ‘ಪ್ರಜಾವಾಣಿ’ ಹುಟ್ಟಿ ಮೂರು ವಾರವೂ ತುಂಬಿರಲಿಲ್ಲ.

ಲೆಕ್ಕ ಹಾಕಿ ಓದಿ

1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂತು. ಹದಿನಾರಾಣೆಯ ರೂಪಾಯಿಗೆ ಈಗ ನೂರು ಪೈಸೆ. ಅಂದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವೇ ಇಲ್ಲ! ಸರ್ಕಾರದ ಪಟ್ಟಿಯ ಪ್ರಕಾರ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಪೈಸೆ. ಆ ದಿನಗಳ ಪತ್ರಿಕೆಯಲ್ಲಿ ನಾಣ್ಯ, ಅಂಚೆ ದರ, ಬಸ್ ಚಾರ್ಜಿನ ತಲೆಬರಹ ಕಂಡರೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಆ ಕಾಲು ಪೈಸೆ ಯಾರ ಜೇಬು ಸೇರಬೇಕೆಂದು ಹೋಟೆಲ್ ಗಲ್ಲಾಪೆಟ್ಟಿಗೆಯ ಮುಂದೆ ನಡೆದಿರಬಹುದಾದ ಮಾತು ನಿಮ್ಮ ಕಿವಿಗೇ ಬೀಳುತ್ತದೆ.

ಕಾಫಿ ದರದ ತಲೆಬರಹಕ್ಕೂ ಇದೇ ಎಚ್ಚರ ಬೇಕು. 1942ರ ಕಾಯ್ದೆಯ ನಂತರ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಬೋರ್ಡು ಹರಾಜು ಮಾಡಿ ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. 1953ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಮರುವರ್ಷ ಲೋಕದ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಗಗನಕ್ಕೇರಿತು. ಇಂಥ ಸುದ್ದಿ ಓದಿದ ಮೂಡಿಗೆರೆಯ ಬೆಳೆಗಾರರಿಗೆ ಖುಷಿಯಾದರೂ ಮರುದಿನವೇ ಮೂಟೆ ಮಾರಿ ದುಡ್ಡು ಎಣಿಸುವ ಹಾಗಿರಲಿಲ್ಲ; ಪೂಲ್ ಪೇಮೆಂಟಿಗೆ ಕಾಯಲೇಬೇಕು. ದಪ್ಪಕ್ಷರದ ಬೆಲೆಗೂ ಕೈಗೆ ಬರುವ ಕಂತಿಗೂ ನಡುವಿನ ಈ ದೂರ ಗೊತ್ತಿದ್ದವರಿಗೇ ಆ ತಲೆಬರಹದ ಪೂರ್ತಿ ಸ್ವಾರಸ್ಯ.

ಅವರ ಜೊತೆಗೇ ನಗಿ

ಹಿಂದಿನವರು ಮುಗ್ಧರು, ಅಚ್ಚಾದದ್ದೆಲ್ಲ ನಂಬುತ್ತಿದ್ದರು ಎಂದು ತಿಳಿಯಬೇಡಿ. ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ 1942ರಿಂದ 1967ರವರೆಗೆ ಕನ್ನಡಿಗರನ್ನು ನಗಿಸಿತು, ಆರ್.ಕೆ. ಲಕ್ಷ್ಮಣ್ ಅದರಲ್ಲಿ ವ್ಯಂಗ್ಯಚಿತ್ರ ಬರೆದರು. ಪತ್ರಕರ್ತ ಟಿಎಸ್ಸಾರ್ ‘ಪ್ರಜಾವಾಣಿ’ಯ ಅಂಕಣದಲ್ಲಿ ‘ಛೂ ಬಾಣ’ ಬಿಟ್ಟರು. ಸುದ್ದಿಯನ್ನು ಅಂದಂದೇ ನಗುತ್ತ ತೂಗಿ ನೋಡುವ ಓದುಗರು ಆಗಲೇ ಇದ್ದರು. ನಾವು ಅವರ ಸಾಲಿನ ಕೊನೆಯಲ್ಲಿ ಸೇರಿಕೊಂಡವರು.

ಹೊಸಬರು ‘ಪ್ರಜಾವಾಣಿ’ಯ ‘50 ವರ್ಷಗಳ ಹಿಂದೆ’ ಅಂಕಣದಿಂದ ಶುರು ಮಾಡಬಹುದು. ರುಚಿ ಹತ್ತಿದ ಮೇಲೆ ಮನೆಯ ಅಟ್ಟ ಹುಡುಕಿ. ಸಿಕ್ಕ ಹಾಳೆಯನ್ನು ಒಲೆಗೆ ಹಾಕಲು ಬಿಡಬೇಡಿ. ತಾರೀಖು ಇರುವ ಅಂಚನ್ನು ಕತ್ತರಿಸಬೇಡಿ. ಆಮೇಲೆ ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ, ‘ಅಜ್ಜಯ್ಯ, ಆ ವರ್ಷ ನಮ್ಮಲ್ಲಿ ಹೂಮಳೆ ಹೇಗಾಯ್ತು?’ ಎಂದು ಕೇಳಿ. ಅವರು ತಲೆಬರಹವನ್ನು ತಿದ್ದಿ ಹೇಳಲು ಶುರು ಮಾಡಿದರೆ, ಬರೆದುಕೊಳ್ಳಿ. ಯಾವ ಪತ್ರಿಕೆಯಲ್ಲೂ ಅಚ್ಚಾಗದ ಸುದ್ದಿ ಅದು.