ಎಲ್ಸೆಯ ಮನಸ್ಸು, ಅಪ್ಪನ ಮುಖ

ಕಥೆ ಸಿನಿಮಾ ಆದಾಗಲೆಲ್ಲ ಕೇಳಿಬರುವ ದೂರು, ಮೂಲದಲ್ಲಿಲ್ಲದ್ದನ್ನು ತುರುಕಿದ್ದಾರೆ ಎಂಬುದು. ಪೌಲ್ ಚಿನ್ನರ್ 1929ರಲ್ಲಿ ತೆಗೆದ ಜರ್ಮನ್ ಮೂಕಿಚಿತ್ರ ‘ಫ್ರಾಯ್ಲೈನ್ ಎಲ್ಸೆ’ಯ ಮೇಲೂ ಇದನ್ನು ಹೊರಿಸಬಹುದು. ಆರ್ಥರ್ ಶ್ನಿಟ್ಸ್ಲರ್ 1924ರಲ್ಲಿ ಪ್ರಕಟಿಸಿದ ನೀಳ್ಗತೆ ಪೂರ್ತಿ ನಡೆಯುವುದು ಒಬ್ಬ ಹುಡುಗಿಯ ತಲೆಯೊಳಗೆ. ಬೆಟ್ಟದೂರಿನ ಹೋಟೆಲಿನಲ್ಲಿರುವ ಎಲ್ಸೆಗೆ ವಿಯೆನ್ನಾದಿಂದ ಅಮ್ಮನ ಕಾಗದ ಬರುತ್ತದೆ: ಅಪ್ಪ ಪರರ ದುಡ್ಡು ನುಂಗಿ ಸಿಕ್ಕಿಬಿದ್ದಿದ್ದಾರೆ, ಅಲ್ಲೇ ತಂಗಿರುವ ಡಾರ್ಸ್‌ಡೇ ಹತ್ತಿರ 30,000 ಗುಲ್ಡನ್ ಕೇಳು. ಹಿಂದೆಯೇ ತಂತಿ, 30 ಅಲ್ಲ, 50 ಸಾವಿರ. ಡಾರ್ಸ್‌ಡೇ ಕೊಡಲು ಒಪ್ಪುತ್ತಾನೆ, ಅವಳನ್ನು ಬೆತ್ತಲೆ ನೋಡಬೇಕೆಂಬ ಷರತ್ತಿನ ಮೇಲೆ.

ಚಿನ್ನರ್ ಹೋಟೆಲಿಗೆ ಹೋಗುವ ಮೊದಲು ವಿಯೆನ್ನಾದ ಮನೆಯಲ್ಲಿ ಸಾಕಷ್ಟು ಹೊತ್ತು ನಿಲ್ಲುತ್ತಾನೆ. ಕಥೆಯಲ್ಲಿ ನಾವು ಕಣ್ಣಾರೆ ಕಾಣದ ಅಪ್ಪ ಇಲ್ಲಿ ಆಲ್ಬರ್ಟ್ ಬಾಸರ್‌ಮನ್ ರೂಪದಲ್ಲಿ ಎದುರಿಗೇ ಕುಸಿಯುತ್ತಾನೆ. ಇದು ತುರುಕಿದ್ದಲ್ಲ, ಮಾತಿಲ್ಲದ ಚಿತ್ರಕ್ಕೆ ಇದ್ದ ದಾರಿಯೇ ಇದು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಆಡುವ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ತನ್ನ ಒಳಗುದಿಯನ್ನು ಹಾರ್ಮೋನಿಯಂ ಶ್ರುತಿಗೆ ಕಂದಪದ್ಯವಾಗಿ ಹಾಡಿಬಿಡಬಲ್ಲ. ಎಲ್ಸೆಯಾದ ಎಲಿಸಬೆತ್ ಬೆರ್ಗ್ನರ್‌ಗೆ ಆ ಅನುಕೂಲವಿಲ್ಲ. ಡಾರ್ಸ್‌ಡೇಯನ್ನು ಕೇಳಬೇಕೋ ಬೇಡವೋ ಎಂದು ಆಕೆ ಹತ್ತಿರ ಹೋಗಿ ಹಿಂಜರಿಯುವಾಗ, ಪ್ರತಿ ಹೆಜ್ಜೆಗೂ ಅರ್ಥ ಬರುವುದು ಆ ಅಪ್ಪನ ಮುಖ ನಮ್ಮ ಕಣ್ಣಲ್ಲಿ ಇನ್ನೂ ಇರುವುದರಿಂದ. ಶಿರಾ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪ ‘ಶಾಂತಿ’ಯಲ್ಲಿ ಭಾವನಾ ಒಬ್ಬರನ್ನೇ ತೆರೆಯ ಮೇಲಿಟ್ಟು ಇಡೀ ಚಿತ್ರ ನಡೆಸಿದರು, ಅದು ಗಿನ್ನೆಸ್ ದಾಖಲೆಗೂ ಸೇರಿತು. ಆದರೆ ಆ ಧೈರ್ಯದ ಬೆನ್ನಿಗೆ ಶಬ್ದವಿತ್ತು.

ಮುರ್ನಾವ್ 1924ರ ‘ಡೆರ್ ಲೆಟ್ಸ್ಟೆ ಮನ್’ನಲ್ಲಿ ಅಕ್ಷರಫಲಕಗಳನ್ನೂ ಹೆಚ್ಚುಕಡಿಮೆ ಬಿಟ್ಟು ಒಬ್ಬನ ಸಂಕಟ ತೋರಿಸಲಿಲ್ಲವೇ, ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಎರಡಕ್ಕೂ ಇದ್ದವನೇ ತಾನೆ ಎಂದು ಕೇಳಬಹುದು. ಸರಿಯೇ. ಆದರೆ ಅಲ್ಲಿನ ಮುದಿ ದ್ವಾರಪಾಲಕನ ಮಾನ ಅವನ ಸಮವಸ್ತ್ರದಲ್ಲಿದೆ; ಅದನ್ನು ಕಳಚಿದ ಕೂಡಲೇ ಅವಮಾನ ಕಾಣುತ್ತದೆ. ಎಲ್ಸೆಯ ಅವಮಾನ ಇನ್ನೂ ನಡೆದೇ ಇಲ್ಲ, ಅವಳು ಅದನ್ನು ಎಣಿಸುತ್ತಿದ್ದಾಳೆ ಅಷ್ಟೆ. ಅವಳ ಸ್ವಗತವನ್ನು ಫಲಕಗಳಲ್ಲಿ ಬರೆದಿದ್ದರೆ ನಾವು ಸಿನಿಮಾ ಬಿಟ್ಟು ಓದುತ್ತಾ ಕೂರಬೇಕಿತ್ತು.

ನಷ್ಟವೂ ಸಣ್ಣದಲ್ಲ. ಕಥೆಯ ಎಲ್ಸೆ ಅಪ್ಪನನ್ನು, ಅತ್ತೆಯನ್ನು, ತನ್ನ ಚೆಲುವನ್ನೇ ಕುಟುಕುತ್ತಾಳೆ. ಆ ನಾಲಿಗೆ ಚಿತ್ರದಲ್ಲಿ ಕಾಣೆ, ಉಳಿದವಳು ಬರೀ ಒಳ್ಳೆಯ ಮಗಳು. ಅದಕ್ಕೆ ಚಿನ್ನರ್‌ನನ್ನು ಬೈಯಲಿ, ಒಪ್ಪುತ್ತೇನೆ. ವಿಯೆನ್ನಾದ ಭಾಗ ಓಡಿಸಿ ನೋಡಿ, ಬೆರ್ಗ್ನರ್ ಸುಮ್ಮನೆ ಅಡ್ಡಾಡುತ್ತಾಳೆ ಎನ್ನುವವರ ಮಾತು ಮಾತ್ರ ಒಪ್ಪಲಾರೆ.