ಬೀಗರೂಟದ ಮರುದಿನ: ಹೊಸೂರು ಸೀಮೆಯ ಮದುವೆ ಮತ್ತು ಪ್ರವಾಸಿಯ ನೋಟ

ಹೊಸೂರು–ಕೃಷ್ಣಗಿರಿ ಸೀಮೆಯನ್ನು ಕುರಿತು ಹೊರಗಿನವರು ಬರೆದಿಟ್ಟ ದಾಖಲೆಗಳಲ್ಲಿ ಮದುವೆಗೆ ಕೊರತೆಯಿಲ್ಲ. ಮದುವೆಯ ಮರುದಿನಕ್ಕೆ ಮಾತ್ರ ಬರ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಯ ವಶವಾದಾಗ ಅಲೆಗ್ಸಾಂಡರ್ ರೀಡ್ ಮತ್ತವನ ಸಹಾಯಕರು ನೆಲವನ್ನು ಅಳೆಯುತ್ತಲೇ ಜನರನ್ನೂ ಪಟ್ಟಿಮಾಡಿದರು. ಆ ‘ಬಾರಾಮಹಲ್ ದಾಖಲೆಗಳ’ ಪೈಕಿ ನಿವಾಸಿಗಳನ್ನು ಕುರಿತ ಭಾಗವು 1907ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ಬಳಿಕ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳನ್ನು ಹೊರತಂದರು. ಈ ಬಗೆಯ ಬರಹದಲ್ಲಿ ಮದುವೆಯೆಂದರೆ ಜಾತಿಯ ಗುರುತುಚೀಟಿ. ತೆರ ಎಷ್ಟು, ತಾಳಿ ಕಟ್ಟುವವರು ಯಾರು, ವಿಧವೆಗೆ ಕೂಡಿಕೆಯುಂಟೋ ಇಲ್ಲವೋ ಎಂಬಲ್ಲಿಗೆ ವಿವರಣೆ ನಿಲ್ಲುತ್ತದೆ. ಚಪ್ಪರ ಬಿಚ್ಚುವ ಹೊತ್ತಿಗೆ ಬರೆಯುವವನು ಮುಂದಿನ ಜಾತಿಗೆ ಹೋಗಿರುತ್ತಾನೆ.

ಮೊರಸು ಒಕ್ಕಲಿಗರ ಉದಾಹರಣೆಯನ್ನೇ ನೋಡಬಹುದು. ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿ ತನ್ನ ಎರಡು ಬೆರಳುಗಳ ತುದಿಗೆಣ್ಣನ್ನು ಕತ್ತರಿಸಿಕೊಳ್ಳುತ್ತಿದ್ದ ಪದ್ಧತಿಯನ್ನು 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದ, ಥರ್ಸ್ಟನ್ನನೂ ಬರೆದ. ಇಬ್ಬರೂ ಭಸ್ಮಾಸುರನ ಕಥೆಯಲ್ಲಿ ಅದರ ಮೂಲವನ್ನು ಕಾಣಿಸಿದರು. ಆದರೆ ಆ ಕೈಯಿಂದ ಮರುವಾರ ರಾಗಿ ಬೀಸಿದವರಾರು, ಕಳೆ ಕಿತ್ತವರಾರು? ಬೆರಳು ಪುಸ್ತಕಕ್ಕೆ ಬಂದಿತು, ಹೆಂಗಸು ಬರಲಿಲ್ಲ. ಈ ಸಮುದಾಯದಲ್ಲಿ ಕನ್ನಡದ ಮನೆಗಳೂ ತೆಲುಗಿನ ಮನೆಗಳೂ ಇವೆ. ಹಾಗಿರುವಾಗ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಯಾವ ನುಡಿಯಲ್ಲಿ ಬಾಯಿ ತೆರೆದಳೆಂಬುದು ಗಡಿಸೀಮೆಯ ಭಾಷಾಚರಿತ್ರೆಗೆ ಬೆರಳಿಗಿಂತ ದೊಡ್ಡ ಸಂಗತಿ.

ನೋಡುವವರು ನಿಂತ ಜಾಗವೇ ಕಂಡದ್ದನ್ನು ನಿರ್ಧರಿಸುತ್ತದೆ ಎಂಬುದಕ್ಕೆ ದೂರದ ಪಶ್ಚಿಮ ಆಫ್ರಿಕದ ಪುಸ್ತಕವೊಂದು ನೆರವಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ ಅವರು ನೈಜೀರಿಯದ ತಿವ್ ಜನರ ನಡುವಿನ ತಮ್ಮ ಅನುಭವವನ್ನು 1954ರಲ್ಲಿ ‘ರಿಟರ್ನ್ ಟು ಲಾಫ್ಟರ್’ ಎಂಬ ಕಾದಂಬರಿಯಾಗಿ, ಎಲೆನೋರ್ ಸ್ಮಿತ್ ಬೋವೆನ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿ ಮದುವಣಗಿತ್ತಿಯನ್ನು ಬರಮಾಡಿಕೊಳ್ಳುವ ಸಂದರ್ಭದಲ್ಲಿ ಹಿರಿಯ ಹೆಂಗಸೊಬ್ಬಳು ನಿರೂಪಕಿಯನ್ನು ಇಕ್ಕಟ್ಟಿಗೆ ಸಿಲುಕಿಸುತ್ತಾಳೆ: ಗೌರವದ ಅತಿಥಿಯಾದರೆ ಹೊರಗೇ ನಿಲ್ಲಬೇಕು, ಹೆಣ್ಣನ್ನು ಕರೆತಂದು ತೋರಿಸುತ್ತಾರೆ, ಮನೆಯವಳಾದರೆ ಒಳಗೆ ಬರಬಹುದು, ಆದರೆ ಕುಣಿಯಬೇಕು. ನಿರೂಪಕಿ ಕುಣಿಯುತ್ತಾಳೆ. ಬಾರಾಮಹಲಿನ ಅಧಿಕಾರಿಗಳಿಗೆ ಇಂಥ ಇಕ್ಕಟ್ಟು ಒದಗುವಂತಿರಲಿಲ್ಲ. ಅವರದು ಯಾವಾಗಲೂ ಹೊರಗಿನ ಕುರ್ಚಿ. ಬೊಹಾನನ್ ಅವರ ಬರಹಕ್ಕೂ ಮಿತಿಯಿದೆ. ಒಳಮನೆಯ ಬದುಕನ್ನು ಹೇಳಲು ಅವರಿಗೆ ಕಾದಂಬರಿಯ ಸೆರಗೂ ಬೇರೆಯ ಹೆಸರೂ ಬೇಕಾದವು. ಎಂ. ಎನ್. ಶ್ರೀನಿವಾಸ್ ಅವರಂಥ ಕನ್ನಡಿಗರಿಗೂ ಹಳೇ ಮೈಸೂರಿನ ರಾಮಪುರದಲ್ಲಿ ಹೆಂಗಸರ ಲೋಕ ಸುಲಭವಾಗಿ ತೆರೆದುಕೊಳ್ಳಲಿಲ್ಲ.

ದೋಷ ಬಿಳಿಯರದೊಂದೇ ಅಲ್ಲ. ನಮ್ಮ ಜಾನಪದ ಸಂಗ್ರಹಗಳಲ್ಲಿ ಬಹುಪಾಲು ಸೋಬಾನೆ ಪದಗಳನ್ನು ಅರಿಸಿನ, ಧಾರೆ, ಹೆಣ್ಣೊಪ್ಪಿಸುವುದು ಎಂದು ಶಾಸ್ತ್ರದ ಸಾಲಿಗೆ ಜೋಡಿಸುತ್ತವೆ. ಹಾಡಿದವಳ ತವರು ಯಾವುದು, ಸೊಲ್ಲೆತ್ತಿದವರು ಕನ್ನಡದವರೋ ತೆಲುಗಿನವರೋ ಎಂಬ ವಿವರ ಅಪರೂಪ. ತಳಿ, ಡೆಂಕಣಿಕೋಟೆಗಳ ಕಡೆ ಈ ವಿವರವೇ ತಿರುಳು. ಆನೇಕಲ್ಲಿನಿಂದಲೋ ಮಾಲೂರಿನಿಂದಲೋ ಬಂದ ಹೆಣ್ಣು ರಾಜ್ಯದ ಗಡಿ ದಾಟಿ ಬಂದವಳು. ಮನೆಯವರಿಗೆ ಅದು ನಂಟರ ಊರು, ಅಷ್ಟೆ.

ಬೀಗರೂಟ ಮುಗಿದು ನೆಂಟರು ಹೊರಟ ಮೇಲೆ ಅಧ್ಯಯನಕ್ಕೆ ಸಿಗುವುದೇನು? ಒಂದು ಚಿಕ್ಕ ಸಂಗತಿ: ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುವುದು ಕನ್ನಡದ ರೂಢಿ, ಆಡಿಗೆ ಹೋಗುವುದು ತಮಿಳಿನ ರೂಢಿ. ಮೊದಲನೆಯದು ಚಾಂದ್ರಮಾನದ ತಿಂಗಳು. ಎರಡನೆಯದು ಸೌರಮಾನದ್ದು, ಜುಲೈ ನಡುವಿನಲ್ಲಿ ಮೊದಲಾಗುತ್ತದೆ. ಎರಡಕ್ಕೂ ಒಮ್ಮೊಮ್ಮೆ ಎರಡು ಮೂರು ವಾರಗಳ ಅಂತರ ಬೀಳುತ್ತದೆ. ಒಂದೇ ಬೀದಿಯ ಎರಡು ಮನೆಗಳಿಂದ ಎರಡು ಬೇರೆ ದಿನ ಹೆಣ್ಣುಮಕ್ಕಳು ಹೊರಟರೆ, ಜನಗಣತಿಯ ಕಾಲಂ ಹೇಳದ್ದನ್ನು ಆ ಪಯಣ ಹೇಳೀತು. ಕನ್ನಡ ಮಾತಾಡುವ ಮನೆಯೊಂದು ಆಡಿಯನ್ನೇ ಲೆಕ್ಕಕ್ಕೆ ಹಿಡಿಯತೊಡಗಿದರೆ, ಅದೂ ಗುರುತಿಟ್ಟುಕೊಳ್ಳಬೇಕಾದ ಮಾತು. ಮುಹೂರ್ತದ ಹೊತ್ತಿನಲ್ಲಿ ಫೋಟೋ ತೆಗೆದು ಹಿಂತಿರುಗುವ ಸಂಶೋಧಕನಿಗೆ ಇದು ಕಾಣುವುದಿಲ್ಲ.

2006ರ ತಮಿಳು ಕಲಿಕೆ ಕಾಯ್ದೆಯು ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ ಅಲ್ಪಸಂಖ್ಯಾತ ಭಾಷೆಯ ಚರ್ಚೆಯೆಲ್ಲ ಶಾಲೆ, ಪರೀಕ್ಷೆ, ನ್ಯಾಯಾಲಯಗಳ ಸುತ್ತ ನಡೆಯುತ್ತಿದೆ. ನಡೆಯಬೇಕಾದದ್ದೇ. ಆದರೆ ಮಗು ಶಾಲೆಯ ಮೆಟ್ಟಿಲೇರುವ ಐದಾರು ವರ್ಷ ಮೊದಲೇ ಹೊಸಿಲಿನ ಮೇಲಿನ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಬಂದ ಒಬ್ಬಾಕೆ, ಒಲೆಯ ಮುಂದೆ ಯಾವ ಮಾತನ್ನು ಉಳಿಸಿಕೊಂಡಳು, ಯಾವುದನ್ನು ನುಂಗಿಕೊಂಡಳು ಎಂಬುದನ್ನು ಕೇಳಿ ಬರೆದ ಪುಟಗಳು ನಮ್ಮಲ್ಲಿ ತೀರ ಕಡಿಮೆ. ಈ ಸೀಮೆಯಲ್ಲಿ ಹಾಗೆ ಹೇಳಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಮುಹೂರ್ತದ ದಿನ ಅಲ್ಲ, ಚಪ್ಪರದ ಗಳು ಬಿಚ್ಚಿ ಅಂಗಳ ಗುಡಿಸುವ ದಿನ ಅವರ ಬಳಿ ಹೋಗಬೇಕು.